ಮೂರು ರಾಜ್ಯಗಳ ಕಾಡಿಗೆ ಒಂದು ಪಂಚಾಯಿತಿ ಕಟ್ಟೆ ಬೇಡವೇ?

ರಾತ್ರಿ ಒಂಬತ್ತಕ್ಕೆ ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯಲ್ಲಿ ಮದ್ದೂರು ಚೆಕ್‌ಪೋಸ್ಟಿನ ಗೇಟು ಬೀಳುತ್ತದೆ. ಊಟಿಯ ದಾರಿಯಲ್ಲಿ ಮೇಲುಕಾಮನಹಳ್ಳಿಯ ಗೇಟು ಬೀಳುತ್ತದೆ. ಮತ್ತೆ ತೆರೆಯುವುದು ಬೆಳಗಿನ ಆರಕ್ಕೆ. ತೆರಕಣಾಂಬಿ ಮಾರುಕಟ್ಟೆಯ ತರಕಾರಿ, ಬಾಳೆಗೊನೆ, ಓಣಂ ಹತ್ತಿರ ಬಂದಾಗ ಚೆಂಡುಹೂವು ಹೇರಿಕೊಂಡ ವಾಹನಗಳು ಸಮಯ ಮೀರಿದರೆ ಅಲ್ಲಿಯೇ ಸಾಲುಗಟ್ಟಿ ನಿಲ್ಲಬೇಕು. ಆ ವಾಹನಗಳ ಚಾಲಕರಲ್ಲಿ, ಕ್ಲೀನರುಗಳಲ್ಲಿ, ಮಂಡಿಯ ಹಮಾಲರಲ್ಲಿ ನಮ್ಮ ಮನೆಗಳ ಮಕ್ಕಳೂ ಇದ್ದಾರೆ. ಬತ್ತೇರಿಗೂ ಗೂಡಲೂರಿಗೂ ಹೆಣ್ಣು ಕೊಟ್ಟು ಹೆಣ್ಣು ತಂದ ಕುಟುಂಬಗಳು ನಮ್ಮಲ್ಲಿ ಹಲವು. ರಾತ್ರಿ ಹತ್ತಕ್ಕೆ ಆಚೆಯಿಂದ ಸಾವಿನ ಸುದ್ದಿ ಬಂದರೆ ಜನಾಝ ಸಿಗುವುದೋ ಇಲ್ಲವೋ ಎಂಬ ಆತಂಕದಲ್ಲಿ ಆರರ ಗೇಟಿಗಾಗಿ ಕಾಯುವುದು ಅವರಿಗೆ ಹೊಸತೇನಲ್ಲ.

ಹೀಗೆಂದು ರಾತ್ರಿ ಸಂಚಾರ ನಿಷೇಧವನ್ನು ತೆಗೆದುಹಾಕಿ ಎಂದು ಕೂಗಲು ನಾವು ಈ ಬರಹಕ್ಕೆ ತೊಡಗಿಲ್ಲ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ದ ಮೊದಲ ಕಾಡುಗಳಲ್ಲಿ ಬಂಡೀಪುರವೂ ಒಂದು. ನಾಗರಹೊಳೆ, ಮುದುಮಲೆ, ವಯನಾಡುಗಳ ಜೊತೆ ಅದು ಒಂದೇ ಹಾಸಿನ ಅರಣ್ಯ. ಕತ್ತಲಲ್ಲಿ ವೇಗದ ಲಾರಿಗೆ ಸಿಕ್ಕಿ ಸತ್ತ ಜಿಂಕೆ, ಚಿರತೆ, ಆನೆಗಳನ್ನು ಈ ರಸ್ತೆಯವರೇ ಕಣ್ಣಾರೆ ಕಂಡಿದ್ದಾರೆ. ಮೂಕಪ್ರಾಣಿಗಳಿಗೆ ರಾತ್ರಿಯ ಒಂಬತ್ತು ತಾಸು ಬಿಟ್ಟುಕೊಡುವುದು ನ್ಯಾಯವೆಂದೇ ನಮ್ಮ ಅಭಿಮತ. ನಮ್ಮ ತಕರಾರು ಬೇರೆಯದು. ಮೂರು ರಾಜ್ಯಗಳ ಜನರನ್ನು ತಟ್ಟುವ ಈ ನಿರ್ಧಾರವನ್ನು ಯಾರು, ಎಲ್ಲಿ ಕುಳಿತು, ಯಾರನ್ನು ಕೇಳಿ ಮಾಡಿದರು?

2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಡಳಿತ ರಾತ್ರಿ ಸಂಚಾರ ನಿಷೇಧಿಸಿ ಆದೇಶ ಹೊರಡಿಸಿತು. ಕೇರಳ ಪ್ರತಿಭಟಿಸಿತು. ಕೆಲವೇ ದಿನಗಳಲ್ಲಿ ಆದೇಶ ಹಿಂದೆ ಸರಿಯಿತು. ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟು ಜುಲೈನಲ್ಲಿ ನಿಷೇಧವನ್ನು ಮರಳಿ ತಂದು, 2010ರ ಮಾರ್ಚಿನಲ್ಲಿ ಎತ್ತಿಹಿಡಿಯಿತು. ಕೇರಳ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2018ರಲ್ಲಿ ಕೇಂದ್ರದ ರಸ್ತೆ ಸಾರಿಗೆ ಸಚಿವಾಲಯ ಕಾಡಿನ ಮೇಲೆ ಎತ್ತರಿಸಿದ ರಸ್ತೆಯ ಪ್ರಸ್ತಾವ ಮುಂದಿಟ್ಟಿತು. ಕೇರಳ ವೆಚ್ಚದ ಅರ್ಧ ಹೊರಲು ಮುಂದಾಯಿತು, ಕರ್ನಾಟಕ ಒಲ್ಲೆನೆಂದಿತು. 2019ರ ಅಕ್ಟೋಬರಿನಲ್ಲಿ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹಗಳಾದವು, ಆಗಿನ ವಯನಾಡು ಸಂಸದ ರಾಹುಲ್ ಗಾಂಧಿಯವರೂ ಅಲ್ಲಿಗೆ ಬಂದು ಹೋದರು. ಅಂದಿನ 212ನೆಯ ರಾಷ್ಟ್ರೀಯ ಹೆದ್ದಾರಿಯ ಸಂಖ್ಯೆ ಬದಲಾಗಿ 766 ಆಯಿತು. ಹೆದ್ದಾರಿಯ ಹೆಸರು ಬದಲಿಸಲು ಸಾಧ್ಯವಾದ ಸರ್ಕಾರಗಳಿಗೆ ಅದರ ಬಗ್ಗೆ ಒಮ್ಮತದ ಮಾತೊಂದನ್ನು ಆಡಲು ಮಾತ್ರ ಸಾಧ್ಯವಾಗಲಿಲ್ಲ.

ಇದು ಕರ್ನಾಟಕ ಹಾಕಿದ ಗೇಟು, ಆದ್ದರಿಂದ ದೂರುವವರು ಆಚೆಯವರು ಎಂದು ಕೆಲವರು ಸಮಾಧಾನಪಡಬಹುದು. ಅಂಥವರು ಚಾಮರಾಜನಗರದಿಂದ ಪುಣಜನೂರು ದಾಟಿ ಸತ್ಯಮಂಗಲಕ್ಕೆ ಹೋಗುವ ರಸ್ತೆಯನ್ನು ನೋಡಲಿ. ಅಲ್ಲಿ ದಿಂಬಂ ಘಾಟಿನ ಮೇಲೆ ಈರೋಡ್ ಜಿಲ್ಲಾಡಳಿತ 2019ರಲ್ಲಿ ಹೊರಡಿಸಿದ್ದ ರಾತ್ರಿ ನಿಷೇಧದ ಆದೇಶವನ್ನು ಜಾರಿಗೊಳಿಸುವಂತೆ ಮದ್ರಾಸ್ ಹೈಕೋರ್ಟು 2022ರ ಫೆಬ್ರುವರಿಯಲ್ಲಿ ಕಟ್ಟಪ್ಪಣೆ ಮಾಡಿತು. ಬಳಿಕ ಕೆಲವು ವಿನಾಯಿತಿಗಳು ದೊರೆತವು. ಆದರೆ ಕೊಯಮತ್ತೂರಿಗೆ ಸರಕು ಸಾಗಿಸುವ ಚಾಮರಾಜನಗರದ ವರ್ತಕನ ಪಾಲಿಗೆ ಅಂದು ನಡೆದದ್ದು ಬತ್ತೇರಿಯವರಿಗೆ 2009ರಲ್ಲಿ ನಡೆದದ್ದೇ. ಒಂದು ಗೇಟಿನ ಮುಂದೆ ಕಾಯಿಸುವವರು, ಇನ್ನೊಂದು ಗೇಟಿನ ಮುಂದೆ ಕಾಯುವವರು: ನಾವು ಎರಡೂ ಆಗಿದ್ದೇವೆ.

ಈಗ ಓದುಗರನ್ನು ಸ್ವಲ್ಪ ದೂರ ಕರೆದೊಯ್ಯುತ್ತೇವೆ. ಕಾಡನ್ನು ಕುರಿತು ಹಲವು ಸರ್ಕಾರಗಳು ಒಟ್ಟಾಗಿ ನಿರ್ಧರಿಸುವ ಬಗೆ ಒಂದಿದೆ, ಅದನ್ನು ತಿಳಿಯದೆ ನಮ್ಮ ಕೊರತೆ ನಮಗೆ ಅರ್ಥವಾಗದು.

2024ರ ಜೂನ್ 17ರಂದು ಲಕ್ಸೆಂಬರ್ಗಿನಲ್ಲಿ ಐರೋಪ್ಯ ಒಕ್ಕೂಟದ 27 ದೇಶಗಳ ಪರಿಸರ ಸಚಿವರು ಸಭೆ ಸೇರಿದರು. ಹಾಳಾದ ಕಾಡು, ಜೌಗು, ನದಿಗಳನ್ನು ಮರಳಿ ಸುಸ್ಥಿತಿಗೆ ತರುವ ಕಾನೂನು ಅವರ ಮುಂದಿತ್ತು. ಇಂತಹ ವಿಷಯಗಳಲ್ಲಿ ಅಲ್ಲಿನ ನಿಯಮ ಹೀಗಿದೆ: ಕನಿಷ್ಠ ಶೇ. 55ರಷ್ಟು ದೇಶಗಳು, ಅಂದರೆ 27ರಲ್ಲಿ 15, ಒಪ್ಪಬೇಕು; ಆ ದೇಶಗಳಲ್ಲಿ ಒಕ್ಕೂಟದ ಜನಸಂಖ್ಯೆಯ ಶೇ. 65ರಷ್ಟಾದರೂ ಇರಬೇಕು. ಎಂಟು ಕೋಟಿ ಮೀರಿದ ಜರ್ಮನಿ ತನ್ನ ಗಾತ್ರದಿಂದ ಸಣ್ಣವರನ್ನು ತುಳಿಯಬಾರದು, ಆರು ಲಕ್ಷವನ್ನೂ ಮುಟ್ಟದ ಮಾಲ್ಟಾದಂತಹವು ಗುಂಪು ಕಟ್ಟಿ ದೊಡ್ಡವರನ್ನು ಕಟ್ಟಿಹಾಕಬಾರದು ಎಂಬುದು ಈ ಎರಡು ಲೆಕ್ಕಗಳ ಉದ್ದೇಶ. ಅಂದು 20 ದೇಶಗಳು ಪರವಾಗಿ ನಿಂತವು, ಆರು ವಿರೋಧಿಸಿದವು, ಬೆಲ್ಜಿಯಂ ತಟಸ್ಥವಾಯಿತು. ಪರವಾಗಿದ್ದವರ ಜನಸಂಖ್ಯೆ ಶೇ. 66.07. ಗೆರೆಯಿಂದ ಕೂದಲೆಳೆಯಷ್ಟು ಮೇಲೆ! ಆಸ್ಟ್ರಿಯಾದ ಪರಿಸರ ಸಚಿವೆ ತಮ್ಮದೇ ಪ್ರಧಾನಿಯ ಇಚ್ಛೆಯನ್ನು ಲೆಕ್ಕಿಸದೆ ಪರವಾಗಿ ಮತ ಹಾಕಿದ್ದರಿಂದ ಕಾನೂನು ಗೆದ್ದಿತು. ಆಕೆ ಮಾಡಿದ್ದು ಸರಿಯೇ ಎಂದು ಅವರ ಊರಿನಲ್ಲಿ ದೊಡ್ಡ ಜಗಳವಾಯಿತು. ಆಗಲಿ. ಯಾರು ಯಾವ ಕಡೆ ಕೈ ಎತ್ತಿದರೆಂದು ಜಗತ್ತಿಗೇ ತಿಳಿಯಿತಲ್ಲ! ಕಾನೂನುಗಳ ಮೇಲಿನ ಚರ್ಚೆ, ಮತದಾನ ಆ ಪರಿಷತ್ತಿನಲ್ಲಿ ಬಹಿರಂಗವಾಗಿಯೇ ನಡೆಯಬೇಕು.

ಆ ವ್ಯವಸ್ಥೆಯಲ್ಲಿ ನಮ್ಮ ಗಮನ ಸೆಳೆಯುವ ಇನ್ನೊಂದು ಸಂಗತಿಯಿದೆ. ಬ್ರಸೆಲ್ಸ್‌ನಲ್ಲಿ ಕುಳಿತ ಆಯೋಗವು ಅಲ್ಲಿನ ‘ಕೇಂದ್ರ’ವಿದ್ದಂತೆ. ಕಾನೂನಿನ ಕರಡನ್ನು ಮಂಡಿಸುವುದು ಅದೇ. ಆದರೆ ಸಚಿವರ ಪರಿಷತ್ತಿನಲ್ಲಿ ಅದಕ್ಕೆ ಮತವಿಲ್ಲ. ಬಹುತೇಕ ಕಾನೂನುಗಳಿಗೆ ಜನರಿಂದ ಆಯ್ಕೆಯಾದ ಐರೋಪ್ಯ ಸಂಸತ್ತಿನ ಒಪ್ಪಿಗೆಯೂ ಬೇಕು. ಸಭೆಗಳ ಅಧ್ಯಕ್ಷತೆ ಆರಾರು ತಿಂಗಳಿಗೊಮ್ಮೆ ಒಂದೊಂದು ದೇಶಕ್ಕೆ ಸರದಿಯಂತೆ ಹೋಗುತ್ತದೆ. ವಿದೇಶಾಂಗ ಸಚಿವರ ಸಭೆಯೊಂದೇ ಇದಕ್ಕೆ ಹೊರತು. ತೆರಿಗೆ, ವಿದೇಶಾಂಗದಂತಹ ವಿಷಯಗಳಲ್ಲಿ ಸರ್ವಾನುಮತ ಬೇಕಾದ್ದರಿಂದ ಒಬ್ಬರೇ ಎಲ್ಲರನ್ನೂ ತಡೆದು ನಿಲ್ಲಿಸಬಹುದು, ಹಂಗೇರಿ ಹಲವು ಬಾರಿ ಹಾಗೆ ಮಾಡಿದ್ದೂ ಇದೆ.

ಅವರನ್ನು ನಾವು ಸಂತರೆಂದು ಬಣ್ಣಿಸುತ್ತಿಲ್ಲ. 2015ರ ಸೆಪ್ಟೆಂಬರಿನಲ್ಲಿ ಸಿರಿಯಾ ಮುಂತಾದೆಡೆಗಳಿಂದ ಪ್ರಾಣ ಉಳಿಸಿಕೊಳ್ಳಲು ಓಡಿಬಂದವರಲ್ಲಿ 1,20,000 ಮಂದಿಯನ್ನು ದೇಶಗಳ ನಡುವೆ ಹಂಚಿಕೊಳ್ಳುವ ನಿರ್ಧಾರವನ್ನು ಇದೇ ಬಗೆಯ ಬಹುಮತದಿಂದ ಕೈಗೊಂಡರು. ಹಂಗೇರಿ, ಸ್ಲೊವಾಕಿಯಾ, ಚೆಕ್ ಗಣರಾಜ್ಯ, ರೊಮೇನಿಯಾ ವಿರೋಧಿಸಿ ಸೋತವು. ಹಂಗೇರಿ ಮತ್ತು ಸ್ಲೊವಾಕಿಯಾ ನ್ಯಾಯಾಲಯಕ್ಕೆ ಹೋಗಿ 2017ರಲ್ಲಿ ಅಲ್ಲಿಯೂ ಸೋತವು. ಆದರೂ ಹಂಗೇರಿ ಆ ಯೋಜನೆಯಡಿ ಒಬ್ಬ ನಿರಾಶ್ರಿತನನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಮತ ಎಣಿಸಿದ ಮಾತ್ರಕ್ಕೆ ಮನಸ್ಸು ಕರಗುವುದಿಲ್ಲ ಎಂಬುದಕ್ಕೆ ನಮ್ಮ ಓದುಗರಿಗೆ ಬೇರೆ ಉದಾಹರಣೆ ಬೇಕಿಲ್ಲ. ಆದರೆ ಹಂಗೇರಿ ಎಲ್ಲರೆದುರು ಸೋತ ಮೇಲೆ ಮಾತು ಮುರಿಯಿತು. ಅದರ ನಡತೆಗೆ ದಾಖಲೆಯುಂಟು. ನಮ್ಮಲ್ಲಿ ಮುರಿಯುವುದಕ್ಕಾದರೂ ಮಾತೆಲ್ಲಿದೆ?

ಹಾಗಾದರೆ ನಮ್ಮ ದೇಶದಲ್ಲಿ ರಾಜ್ಯಗಳು ಒಟ್ಟಿಗೆ ಕೂರುವ ಕಟ್ಟೆಯೇ ಇಲ್ಲವೇ? ಇದೆ, ಧೂಳು ಹಿಡಿದಿದೆ. ಕೊಳ್ಳೇಗಾಲ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ವಯನಾಡು ಮಲಬಾರಿನೊಂದಿಗೆ ಮದ್ರಾಸಿಗೇ ಸೇರಿತ್ತು ಎಂಬುದನ್ನು ನಮ್ಮ ಹಿರಿಯರು ಬಲ್ಲರು. ಇಂದಿನ ಗಡಿಗಳನ್ನು ಎಳೆದದ್ದು 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆ. ಅದೇ ಕಾಯಿದೆ ವಲಯ ಮಂಡಳಿಗಳನ್ನೂ ಹುಟ್ಟುಹಾಕಿತು. ಅವು ಚರ್ಚಿಸಬಹುದಾದ ವಿಷಯಗಳಲ್ಲಿ ಗಡಿ ವಿವಾದ, ಭಾಷಾ ಅಲ್ಪಸಂಖ್ಯಾತರ ಜೊತೆಗೆ ಅಂತರರಾಜ್ಯ ಸಾರಿಗೆಯನ್ನೂ ಹೆಸರಿಸಿಯೇ ಹೇಳಿತು. ಮದ್ದೂರಿನ ಗೇಟಿಗೆ ಇದಕ್ಕಿಂತ ಹತ್ತಿರದ ಕಾನೂನು ಯಾವುದಿದೆ? ದಕ್ಷಿಣ ವಲಯ ಮಂಡಳಿಯ 30ನೆಯ ಸಭೆ ನಡೆದದ್ದು 2022ರ ಸೆಪ್ಟೆಂಬರಿನಲ್ಲಿ, ತಿರುವನಂತಪುರದಲ್ಲಿ. 66 ವರ್ಷಗಳಲ್ಲಿ 30! ಅಧ್ಯಕ್ಷತೆ ಸದಾ ಕೇಂದ್ರ ಗೃಹ ಸಚಿವರದು, ಮಂಡಳಿಯ ಮಾತು ಬರೀ ಸಲಹೆ.

ಸಂವಿಧಾನದ 263ನೆಯ ವಿಧಿ ಅಂತರರಾಜ್ಯ ಮಂಡಳಿಗೆ ಅವಕಾಶ ಕೊಟ್ಟಿತ್ತು. ಸರ್ಕಾರಿಯಾ ಆಯೋಗ ಒತ್ತಿ ಹೇಳಿದ ಮೇಲೆ, 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ ಅದನ್ನು ರಚಿಸಿತು. ಅದರ ಹತ್ತನೆಯ ಸಭೆ 2006ರಲ್ಲಿ ನಡೆದರೆ, ಹನ್ನೊಂದನೆಯದು 2016ರ ಜುಲೈನಲ್ಲಿ. ಆಮೇಲೆ ಎಂಟು ವರ್ಷ ಸದ್ದಿಲ್ಲ. 2024ರ ನವೆಂಬರಿನಲ್ಲಿ ಸದಸ್ಯರ ಪಟ್ಟಿಯನ್ನು ಹೊಸದಾಗಿ ಬರೆದರು.

ಮತದ ಲೆಕ್ಕವಿರುವ ಒಂದು ಕಟ್ಟೆ ಜಿ.ಎಸ್.ಟಿ. ಮಂಡಳಿ. 2016ರ ಸಂವಿಧಾನ ತಿದ್ದುಪಡಿಯಿಂದ ಬಂದ ಅದರ ಲೆಕ್ಕವನ್ನು ನಮ್ಮ ಅಂಗಡಿಯವರು ಒಮ್ಮೆ ಕೈಬೆರಳಲ್ಲಿ ಎಣಿಸಲಿ. ತೀರ್ಮಾನಕ್ಕೆ ನಾಲ್ಕರಲ್ಲಿ ಮೂರು ಪಾಲಿನ ಬೆಂಬಲ ಬೇಕು. ಒಟ್ಟು ಮತದಲ್ಲಿ ಕೇಂದ್ರಕ್ಕೆ ಮೂರರಲ್ಲೊಂದು ಪಾಲು, ಎಲ್ಲ ರಾಜ್ಯಗಳಿಗೂ ಸೇರಿ ಉಳಿದ ಎರಡು ಪಾಲು. ಅಂದರೆ ದೇಶದ ಸಕಲ ರಾಜ್ಯಗಳೂ ಒಂದಾಗಿ ನಿಂತರೂ ಶೇ. 66 ಮತ್ತು ಚಿಲ್ಲರೆ, ಶೇ. 75 ಆಗುವುದಿಲ್ಲ. ಕೇಂದ್ರ ಬೇಡವೆಂದರೆ ಬೇಡ. ಯುರೋಪ್‌ನಲ್ಲಿ ಕರಡು ತರುವವನಿಗೆ ಮತವಿಲ್ಲ, ಇಲ್ಲಿ ಸಭೆ ಕರೆದವನ ಕೈಯಲ್ಲೇ ಬೀಗದ ಕೈ. ಇನ್ನು ಆರು ಕೋಟಿ ಮೀರಿದ ಕರ್ನಾಟಕಕ್ಕೂ ಆರೇಳು ಲಕ್ಷದ ಸಿಕ್ಕಿಮಿಗೂ ಒಂದೇ ತೂಕದ ಮತ. ಜನರ ಎಣಿಕೆ ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಈ ಮಂಡಳಿಯ ಶಿಫಾರಸುಗಳು ಶಾಸನಸಭೆಗಳನ್ನು ಕಟ್ಟಿಹಾಕುವುದಿಲ್ಲ ಎಂದಿತು. ಸಮಾಧಾನದ ಮಾತೇ, ಆದರೆ ಕೋರ್ಟು ಹೇಳಬೇಕಾಯಿತು.

ಕೂತರೆ ಮಾತು ಮುಗಿಯುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮದೇ ರಾಜ್ಯದ ಗಡಿಯಲ್ಲಿದೆ. 2020ರ ಮಾರ್ಚಿನಲ್ಲಿ ಕೊರೊನಾ ಭಯದಿಂದ ಕರ್ನಾಟಕವು ಕಾಸರಗೋಡಿನ ಕಡೆಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ಕನ್ನಡಿಗರು, ಮಲಯಾಳಿಗಳು, ಬ್ಯಾರಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟರು. ಚಿಕಿತ್ಸೆ ಸಿಗದೆ ರೋಗಿಗಳು ಸತ್ತರೆಂದು ಕೇರಳ ದೂರಿತು. ಕೇರಳ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣದಲ್ಲಿ, ಎರಡೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳನ್ನು ಕೂರಿಸಿ ಮಾತನಾಡಿ ಎಂದು ಏಪ್ರಿಲ್ 3ರಂದು ಕೇಂದ್ರಕ್ಕೆ ಸೂಚನೆಯಾಯಿತು. ಏಪ್ರಿಲ್ 7ಕ್ಕೆ ರೋಗಿಗಳನ್ನು ಬಿಡುವ ವಿಧಾನಕ್ಕೆ ಒಪ್ಪಿಗೆಯಾಗಿದೆ ಎಂಬ ಹೇಳಿಕೆ ಕೋರ್ಟಿನ ಮುಂದಿತ್ತು. ನಾಲ್ಕು ದಿನ! ಅದೇ ಮಾರ್ಚಿನಲ್ಲಿ ಯುರೋಪ್‌ನ ದೇಶಗಳೂ ಗಡಿ ಮುಚ್ಚಿದ್ದವು. ಮಾರ್ಚ್ 23ರಂದೇ ಅಲ್ಲಿನ ಆಯೋಗವು ಸರಕಿನ ವಾಹನಗಳಿಗೆ ‘ಹಸಿರು ಪಥ’ಗಳನ್ನು ಸೂಚಿಸಿ, ಗಡಿ ದಾಟಲು 15 ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದೆಂದಿತು. ನಮ್ಮಲ್ಲಿ ಇಬ್ಬರು ಅಧಿಕಾರಿಗಳನ್ನು ಕೂರಿಸಲು ದೇಶದ ಅತ್ಯುನ್ನತ ನ್ಯಾಯಾಲಯವೇ ಬಾಯಿ ತೆರೆಯಬೇಕಾಯಿತು.

ಒಂದು ಮಾತನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಕರ್ನಾಟಕ, ಕೇರಳ, ತಮಿಳುನಾಡು ಬಂಡೀಪುರದ ವಿಷಯದಲ್ಲಿ ಕುಳಿತು ಮತ ಹಾಕಿದರೆ ನಿಷೇಧವೇ ಗೆಲ್ಲುವ ಸಂಭವ ಹೆಚ್ಚು, ಏಕೆಂದರೆ ಮುದುಮಲೆಯ ಪಾಲಿನಲ್ಲಿ ತಮಿಳುನಾಡೂ ರಾತ್ರಿ ಗೇಟು ಹಾಕುತ್ತದೆ. ದಿಂಬಂ ವಿಷಯದಲ್ಲಿ ನಾವೇ ಸೋಲಬಹುದು. ಸೋಲನ್ನು ಒಪ್ಪಲು ಸಿದ್ಧರಿಲ್ಲದವರು ಇಂತಹ ಪರಿಷತ್ತನ್ನು ಕೇಳಬಾರದು. ನಾವು ಸಿದ್ಧರಿದ್ದೇವೆ. ಕೂತು ಸೋತವನಿಗೆ ಬದಲಿ ರಸ್ತೆ ಕೇಳುವ, ಖರ್ಚಿನಲ್ಲಿ ಪಾಲು ಕೇಳುವ, ವರ್ಷ ಕಳೆದ ಮೇಲೆ ಮರುಪರಿಶೀಲನೆ ಕೇಳುವ ಹಕ್ಕಿರುತ್ತದೆ. ಕೋರ್ಟಿನಲ್ಲಿ ಸೋತವನಿಗೆ ಉಳಿಯುವುದು ಮೇಲ್ಮನವಿ.

ಇಲ್ಲಿ ನಮ್ಮ ಸಮುದಾಯದ ಮುಖಂಡರಿಗೂ ಒಂದು ಪ್ರಶ್ನೆ. ತೊಂದರೆಯಾದಾಗಲೆಲ್ಲ ಶಾಲು ಹೊದ್ದು ಜಿಲ್ಲಾಧಿಕಾರಿಗೆ ಮನವಿಪತ್ರ ಕೊಟ್ಟು ಫೋಟೋ ತೆಗೆಸಿಕೊಳ್ಳುವುದರಿಂದ ಏನಾಯಿತು? 2009ರಲ್ಲಿ ಜಿಲ್ಲಾಡಳಿತದ ಆದೇಶಕ್ಕೆ ಎಷ್ಟು ದಿನಗಳ ಆಯುಷ್ಯವಿತ್ತೆಂದು ಮೇಲೆ ಹೇಳಿದ್ದೇವೆ. ಶಾಸಕರೂ ಸಂಸದರೂ ಮತ ಕೇಳಲು ಬಂದಾಗ ಮಸೀದಿಯ ಕಾಂಪೌಂಡು, ಸ್ಮಶಾನದ ಗೋಡೆಯ ಜೊತೆಗೆ ಇದನ್ನೂ ಕೇಳಬೇಕು: ದಕ್ಷಿಣ ವಲಯ ಮಂಡಳಿಯಲ್ಲಿ ಮೂರು ರಾಜ್ಯಗಳ ಅರಣ್ಯ ಮತ್ತು ಸಾರಿಗೆ ಸಚಿವರ ಸ್ಥಾಯಿ ಸಮಿತಿಯೊಂದನ್ನು ಬೇಡುವಿರಾ? ಅಧ್ಯಕ್ಷತೆ ಸರದಿಯಂತೆ ಬರಲಿ, ಯಾರು ಏನೆಂದರೆಂಬುದು ಪ್ರಕಟವಾಗಲಿ, ವರ್ಷಕ್ಕೊಂದು ಸಭೆಯಾದರೂ ಗುಂಡ್ಲುಪೇಟೆಯಲ್ಲಿ, ಬತ್ತೇರಿಯಲ್ಲಿ ಅಥವಾ ಗೂಡಲೂರಿನಲ್ಲಿ ನಡೆಯಲಿ. ಗೇಟಿನ ಮುಂದೆ ನಿಲ್ಲುವವರು ಬೆಂಗಳೂರಿನಲ್ಲಿಲ್ಲ.

ಮೊದಲ ಸಭೆಗೆ ವಿಷಯಗಳ ಕೊರತೆಯಿಲ್ಲ. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಮಾನಂದವಾಡಿಗೆ ಹೋಗುವ ಬದಲಿ ರಸ್ತೆಯ ನಿರ್ವಹಣೆಯ ಖರ್ಚಿನಲ್ಲಿ ಕೇರಳದ ಪಾಲೆಷ್ಟು? ಬಂಡೀಪುರದಲ್ಲಿ ಒಂದು ಸಮಯ, ದಿಂಬಂನಲ್ಲಿ ಇನ್ನೊಂದು ನಿಯಮ ಏಕೆ? ಗೇಟಿನ ಬಳಿ ರಾತ್ರಿ ಕಳೆಯುವ ಚಾಲಕರಿಗೆ ಶೌಚಾಲಯ, ನೀರು ಒದಗಿಸುವವರು ಯಾರು? ಆಂಬುಲೆನ್ಸಿಗೆ ಈಗಾಗಲೇ ಅನುಮತಿಯಿದೆ. ತಾಯಿಯ ಮುಖವನ್ನು ಕೊನೆಯ ಬಾರಿ ನೋಡಲು ಹೊರಟ ಮಗಳ ವಾಹನಕ್ಕೆ ರಾತ್ರಿ ಹತ್ತರ ಮೇಲೆ ಒಂದು ಪಾಸು ಕೊಡಲು ಯಾವ ರಾಜ್ಯದ ಯಾವ ಅಧಿಕಾರಿಗೆ ಅಧಿಕಾರವಿರಬೇಕು?