ಹ್ಯಾಟು ತೊಟ್ಟ ತಾಯಿ

ಮಕ್ಕಳ ಕಾಮಿಕ್ಸ್ ಪುಸ್ತಕದ ಸುದ್ದಿ ನಮಗೇಕೆ ಅಂತೀರಾ? ಸ್ವಲ್ಪ ತಾಳಿ ಸೋದರಿಯರೇ, ಇದು ಒಬ್ಬ ತಾಯಿಯ ಸುದ್ದಿ.

ಅಮೆರಿಕದಲ್ಲಿ 1940-50ರ ದಶಕಗಳಲ್ಲಿ ಕೌಬಾಯ್ ಚಿತ್ರಗಳ ನಟ ರಾಯ್ ರೋಜರ್ಸ್ ಹೆಸರಿನ ಕಾಮಿಕ್ಸ್ ಹತ್ತು ಸೆಂಟಿಗೆ ಸಿಗುತ್ತಿತ್ತು. ಮುಖಪುಟದ ಮೇಲೆ ದೊಡ್ಡ ಹ್ಯಾಟು ತೊಟ್ಟ ಆತನದೇ ಬಣ್ಣದ ಫೋಟೋ. ಹೆಂಡತಿ ಡೇಲ್ ಇವಾನ್ಸ್ ಕೂಡ ನಟಿಯೇ. ಗಂಡನ ಕಥೆಯಲ್ಲಿ ಬಂದುಹೋಗುವ ಪಾತ್ರವಾಗಿಯೇ ಆಕೆ ಉಳಿಯಲಿಲ್ಲ. 1948ರಿಂದ ಆಕೆಯ ಹೆಸರಿನಲ್ಲೇ ಬೇರೆ ಕಾಮಿಕ್ಸ್ ಬಂತು. ಆಕೆಗೆ ಸ್ವಂತ ಕುದುರೆ ಬೇರೆ! ಅದರ ಹೆಸರು ಬಟರ್‌ಮಿಲ್ಕ್, ಅಂದ್ರೆ ಮಜ್ಜಿಗೆ. ನಮ್ಮಲ್ಲಿ ಎಮ್ಮೆಗೂ ಆ ಹೆಸರಿಡೋದಿಲ್ಲ, ಅಲ್ವೇ?

ಮುಖಪುಟದಲ್ಲಿ ಸದಾ ನಗು. ಆದರೆ 1950ರಲ್ಲಿ ಹುಟ್ಟಿದ ಮಗಳು ರಾಬಿನ್‌ಗೆ ಡೌನ್ ಸಿಂಡ್ರೋಮ್. ಬೆಳವಣಿಗೆ ನಿಧಾನ, ಹೃದಯವೂ ದುರ್ಬಲ. ಅಂಥ ಮಗುವನ್ನು ಯಾವುದಾದರೂ ಸಂಸ್ಥೆಗೆ ಸೇರಿಸಿ ಮರೆತುಬಿಡಿ ಎನ್ನುವುದೇ ಆಗಿನ ರೂಢಿ. ಇವರಿಗೂ ಅದೇ ಸಲಹೆ ಸಿಕ್ಕಿತು. ದಂಪತಿಗಳು ಕೇಳಲಿಲ್ಲ, ಮಗುವನ್ನು ಮನೆಗೆ ತಂದರು. ಎರಡು ವರ್ಷ ತುಂಬುವ ಮೊದಲೇ ಮಗು ತೀರಿಕೊಂಡಿತು.

ಆಮೇಲೆ ಆಕೆ ಮಾಡಿದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ. 1953ರಲ್ಲಿ 'ಏಂಜೆಲ್ ಅನ್‌ಅವೇರ್' ಎಂಬ ಪುಟ್ಟ ಪುಸ್ತಕ ಬರೆದು, ಮಗುವೇ ಮಾತಾಡಿದ ಹಾಗೆ ಎಲ್ಲವನ್ನೂ ಹೇಳಿಬಿಟ್ಟರು. ಅಲ್ಲಿಯವರೆಗೆ ಬಾಗಿಲ ಹಿಂದೆ ಅಡಗಿಸಿಟ್ಟಿದ್ದ ಮಕ್ಕಳನ್ನು ತಾಯಂದಿರು ಇವರ ಕುದುರೆ ಪ್ರದರ್ಶನಗಳಿಗೆ ಕರೆತರತೊಡಗಿದರು. ಕಾಮಿಕ್ಸ್ ಪುಟದ ರಾಯ್‌ನನ್ನೂ ಡೇಲ್‌ಳನ್ನೂ ಆ ಮಕ್ಕಳೂ ಹತ್ತಿರದಿಂದ ಕಂಡರು.