ಹಿಂದಿರುಗಲು ಕಲಿಸುವ ಬೆಟ್ಟ

ಬೆಟ್ಟ ಹತ್ತುವುದನ್ನು ಕಲಿಸುವ ಕಡೆ ಮೊದಲು ಬೀಳುವುದನ್ನು ಕಲಿಸುತ್ತಾರೆಂದರೆ ನಂಬುತ್ತೀರಾ?

ಸ್ಕಾಟ್‌ಲ್ಯಾಂಡಿನ ಕೇರ್ನ್‌ಗಾರ್ಮ್ ಪರ್ವತದ ತಪ್ಪಲಿನಲ್ಲಿ ಗ್ಲೆನ್‌ಮೋರ್ ಲಾಡ್ಜ್ ಎಂಬ ತರಬೇತಿ ಕೇಂದ್ರವಿದೆ. ಚಳಿಗಾಲದಲ್ಲಿ ಹಿಮದ ಬೆಟ್ಟ ಹತ್ತಲು ಕಲಿಯಬೇಕೆನ್ನುವವರು ಅಲ್ಲಿಗೆ ಬರುತ್ತಾರೆ. ಇಂಥ ತರಬೇತಿಯಲ್ಲಿ ಹೊಸಬರು ಬಂಡೆಗಳಿಲ್ಲದ ಇಳಿಜಾರಿನಲ್ಲಿ ಬೇಕೆಂದೇ ಜಾರಬೇಕು. ಜಾರುತ್ತಿರುವಾಗಲೇ ಮಗುಚಿಕೊಂಡು, ಹಿಮಗೊಡಲಿಯ ಮೊನೆಯನ್ನು ಎದೆಯ ಭಾರದಿಂದ ಹಿಮಕ್ಕೆ ಒತ್ತಿ ನಿಲ್ಲಬೇಕು. ಬೆನ್ನ ಮೇಲೆ ಜಾರಿ, ತಲೆ ಕೆಳಗಾಗಿ ಜಾರಿ, ಮತ್ತೆ ಮತ್ತೆ ಅದೇ ಪಾಠ. ಬೂಟಿನಡಿ ಉಕ್ಕಿನ ಮುಳ್ಳು ಕಟ್ಟಿದ್ದರೆ ಕಾಲನ್ನು ಮೇಲೆತ್ತಿಕೊಂಡಿರಬೇಕು. ಮುಳ್ಳು ಹಿಮಕ್ಕೆ ಸಿಕ್ಕಿಕೊಂಡರೆ ಮನುಷ್ಯ ಪಲ್ಟಿ ಹೊಡೆಯುತ್ತಾನೆ.

ಇದೆಲ್ಲ ಅಭ್ಯಾಸದಿಂದ ಬರುತ್ತದೆ. ಆದರೆ ಗಾಳಿ? ಕೇರ್ನ್‌ಗಾರ್ಮ್‌ನ ಎತ್ತರ 1245 ಮೀಟರ್ ಅಷ್ಟೇ. ಆದರೂ 1986ರ ಮಾರ್ಚ್‌ನಲ್ಲಿ ಅದರ ನೆತ್ತಿಯ ಮೇಲೆ ಗಂಟೆಗೆ 173 ಮೈಲಿ ವೇಗದ ಗಾಳಿ ದಾಖಲಾಯಿತು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಹೊಡೆತ ನಾಲ್ಕು ಪಟ್ಟಾಗುತ್ತದೆ. ಉಷ್ಣಾಂಶ ಸೊನ್ನೆಗಿಂತ 5 ಡಿಗ್ರಿ ಕೆಳಗಿದ್ದು, ಗಂಟೆಗೆ 60 ಕಿಲೋಮೀಟರ್ ಗಾಳಿ ಬೀಸಿದರೆ ಮೈಗೆ 16 ಡಿಗ್ರಿ ಕೆಳಗಿದ್ದಂತೆ ತಾಗುತ್ತದೆ. ನಕ್ಷೆ ನೋಡಲೆಂದು ಕೈಗವಸು ಕಳಚಿದರೆ ಅದು ಹಾರಿಹೋಯಿತೆಂದೇ ಲೆಕ್ಕ. ಪಕ್ಕದವರು ಕೂಗಿದ್ದೂ ಕೇಳಿಸದು. ಎದ್ದ ಹಿಮದ ಪುಡಿಯಲ್ಲಿ ನೆಲ ಯಾವುದು, ಆಕಾಶ ಯಾವುದು ಎಂದೇ ತಿಳಿಯದು.

1971ರ ನವೆಂಬರ್‌ನಲ್ಲಿ ಎಡಿನ್‌ಬರೋ ನಗರದ ಶಾಲಾ ಮಕ್ಕಳು ಇದೇ ಪರ್ವತಕ್ಕೆ ಎರಡು ತಂಡಗಳಾಗಿ ಬಂದಿದ್ದರು. ರಾತ್ರಿಯಾಗುವ ಮೊದಲು ಮೇಲಿನ ಬಯಲಿನಲ್ಲಿದ್ದ ಕರನ್ ಎಂಬ ಸಣ್ಣ ಆಸರೆ ಗುಡಿಸಲನ್ನು ಸೇರುವುದೆಂದು ನಿಶ್ಚಯವಾಗಿತ್ತು. ಹೆಚ್ಚು ಅನುಭವವಿದ್ದ ತಂಡ ಹೇಗೋ ತಲುಪಿತು. ಇನ್ನೊಂದು ತಂಡದಲ್ಲಿದ್ದವರು 15-16 ವರ್ಷದ ಆರು ಮಕ್ಕಳು ಮತ್ತು ಅವರಿಗಿಂತ ಹೆಚ್ಚೇನೂ ದೊಡ್ಡವರಲ್ಲದ ಇಬ್ಬರು ಮೇಲ್ವಿಚಾರಕಿಯರು. ಬಿರುಗಾಳಿಯಲ್ಲಿ ಮುಂದೆ ಹೋಗಲಾಗದೆ ಅವರು ಬಯಲಿನಲ್ಲೇ ಎರಡು ರಾತ್ರಿ ಕಳೆದರು. ಐವರು ಮಕ್ಕಳು ಮತ್ತು 18 ವರ್ಷದ ಸಹಾಯಕಿ ಬದುಕಲಿಲ್ಲ. ಉಳಿದದ್ದು ಒಬ್ಬ ಹುಡುಗ ಮತ್ತು ಸಹಾಯಕ್ಕಾಗಿ ತೆವಳಿಕೊಂಡು ಹೊರಟಿದ್ದ ಮುಖ್ಯ ಮೇಲ್ವಿಚಾರಕಿ ಮಾತ್ರ.

ಮಕ್ಕಳನ್ನು ಶಾಲೆಯ ಪ್ರವಾಸಕ್ಕೆ ಕಳುಹಿಸುವಾಗ ನಾವು ಕೇಳುವುದು ಏನನ್ನು? ಬಸ್ಸು ಎಷ್ಟು ಗಂಟೆಗೆ, ಊಟಕ್ಕೇನು, ಸ್ವೆಟರ್ ಬೇಕೇ. ಹವೆ ಕೆಟ್ಟರೆ ಅರ್ಧದಿಂದ ಮರಳುವ ತೀರ್ಮಾನ ಯಾರದ್ದು ಎಂದು ಕೇಳಿದ ತಾಯಿಯನ್ನು ನಾನು ಕಂಡಿಲ್ಲ. ನಾನೂ ಕೇಳಿದವಳಲ್ಲ.

ಆ ದುರಂತದ ಬಳಿಕ, ಚಳಿಗಾಲದ ಬೆಟ್ಟಕ್ಕೆ ಮಕ್ಕಳನ್ನು ಕರೆದೊಯ್ಯುವವರ ಅರ್ಹತೆಯ ಬಗ್ಗೆ ಬ್ರಿಟನ್ನಿನಲ್ಲಿ ಬಿಗಿ ಬಂತು. ಗುಡಿಸಲಿನ ಬಗ್ಗೆಯೂ ವಾದ ಎದ್ದಿತು. ಅದು ಜೀವ ಉಳಿಸುತ್ತದೆಂದು ಕೆಲವರು, ಜನರನ್ನು ಅಪಾಯಕ್ಕೆ ಎಳೆಯುತ್ತದೆಂದು ಇನ್ನು ಕೆಲವರು. ಹಿಮ ಮುಚ್ಚಿದಾಗ ಕಣ್ಣಿಗೇ ಬೀಳದ ಅದು, ಅಲ್ಲಿಯವರೆಗೆ ಹೋದರೆ ಸಾಕು ಎಂಬ ಆಸೆಯನ್ನು ಮಾತ್ರ ಹುಟ್ಟಿಸುತ್ತಿತ್ತು. 1975ರಲ್ಲಿ ಅದನ್ನು ಕೆಡವಿದರು.