ಬಾಯಿ ಕಟ್ಟಿದ ಬಾನುಲಿ

ಬೆಲೆಬಾಳುವ ಮೋಟಾರು ಕಾರಿಗೂ ಮುಪ್ಪು ತಪ್ಪದು. ಬಣ್ಣ ಮಾಸುವುದು, ಚರ್ಮದ ಆಸನ ಬಿರಿಯುವುದು, ಬಾಗಿಲಿನ ಕೀಲು ಕಿರುಗುಟ್ಟುವುದು. ಇವೆಲ್ಲ ಕಣ್ಣಿಗೆ ಕಾಣುವ ಕಾಯಿಲೆಗಳು, ಇವಕ್ಕೆ ಮದ್ದೂ ಉಂಟು. ಆದರೆ 1980 ಮತ್ತು 1990ರ ದಶಕಗಳಲ್ಲಿ ತಯಾರಾದ ಅನೇಕ ದುಬಾರಿ ಕಾರುಗಳಿಗೆ ಒಂದು ವಿಚಿತ್ರ ವ್ಯಾಧಿ ತಗಲುವುದುಂಟು. ಸೋತುಹೋದ ಬ್ಯಾಟರಿಯನ್ನು ತೆಗೆದು ಹೊಸದನ್ನು ಕೂರಿಸಿದೊಡನೆ ಕಾರು ಹುರುಪಿನಿಂದ ಹೊರಡುತ್ತದೆ. ರೇಡಿಯೋ ಮಾತ್ರ ಮೂಕವಾಗುತ್ತದೆ. ನಿನ್ನೆಯವರೆಗೆ ಹಾಡುತ್ತಿದ್ದ ಪೆಟ್ಟಿಗೆಯ ಪುಟ್ಟ ಪರದೆಯ ಮೇಲೆ ‘ಕೋಡ್’ ಎಂಬ ಒಂದೇ ಪದ ಮೂಡಿ ನಿಲ್ಲುತ್ತದೆ. ಪೆಟ್ಟಿಗೆ ಕೆಟ್ಟಿಲ್ಲ. ಎದುರಿಗಿರುವವನು ತನ್ನ ಒಡೆಯನೋ ಕಳ್ಳನೋ ಎಂದು ಅದು ವಿಚಾರಿಸುತ್ತಿದೆ, ಅಷ್ಟೆ.

ಈ ಸಂಶಯಬುದ್ಧಿ ಅದಕ್ಕೆ ಸುಮ್ಮನೆ ಬಂದದ್ದಲ್ಲ. 1930ರಲ್ಲಿ ಷಿಕಾಗೋ ನಗರದ ಗ್ಯಾಲ್ವಿನ್ ಸಂಸ್ಥೆ ‘ಮೊಟೊರೊಲಾ’ ಎಂಬ ಹೆಸರಿನಲ್ಲಿ ಕಾರಿನ ರೇಡಿಯೋವನ್ನು ಮಾರುಕಟ್ಟೆಗೆ ತಂದಿತು. 1932ರಲ್ಲಿ ಜರ್ಮನಿಯ ಬ್ಲೌಪುಂಕ್ಟ್ ಯೂರೋಪಿಗೆ ಅಂಥದೇ ಸಾಧನವನ್ನು ಪರಿಚಯಿಸಿತು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಕಾರಿನ ರೇಡಿಯೋ ಎಂದರೆ ಕಳ್ಳರ ಕಣ್ಣಿಗೆ ಕೈಗೆಟುಕುವ ನಿಧಿಯಾಗಿತ್ತು. ಗಾಜು ಒಡೆದು ಪೆಟ್ಟಿಗೆಯನ್ನು ಕಿತ್ತೊಯ್ಯಲು ಹೆಚ್ಚು ಹೊತ್ತು ಬೇಕಿರಲಿಲ್ಲ. ನ್ಯೂಯಾರ್ಕಿನಂಥ ನಗರಗಳಲ್ಲಿ ‘ಈ ಕಾರಿನಲ್ಲಿ ರೇಡಿಯೋ ಇಲ್ಲ’ ಎಂದು ಕಳ್ಳನಿಗೇ ಬಿನ್ನಹ ಬರೆದು ಗಾಜಿಗೆ ಅಂಟಿಸುವ ಪದ್ಧತಿ ಬಂತು. ಇಡೀ ಪೆಟ್ಟಿಗೆಯನ್ನೇ ಹಿಡಿಕೆಯಿಂದ ಎಳೆದು, ಕೈಯಲ್ಲಿ ಹಿಡಿದುಕೊಂಡು ಭೋಜನಗೃಹಕ್ಕೆ ಹೋಗುವವರೂ ಇದ್ದರು. ಕಳ್ಳ ಚಾಪೆಯ ಕೆಳಗೆ ತೂರಿದರೆ ತಯಾರಕರು ರಂಗೋಲಿಯ ಕೆಳಗೆ ತೂರಬೇಕಷ್ಟೆ. ಹಾಗೆ ಹುಟ್ಟಿದ್ದೇ ಗುಪ್ತಸಂಖ್ಯೆಯ ಬೀಗ. ಕದಿಯುವುದನ್ನು ಈ ಬೀಗ ತಡೆಯಲಾರದು. ಕದ್ದದ್ದರಿಂದ ಲಾಭವಾಗದಂತೆ ಮಾತ್ರ ಅದು ನೋಡಿಕೊಳ್ಳುತ್ತದೆ.

ಬೀಗದ ಒಳಗುಟ್ಟು ಸರಳವಾದದ್ದು. ಸಾಮಾನ್ಯವಾಗಿ ನಾಲ್ಕು ಅಥವಾ ಐದು ಅಂಕಿಗಳ ಸಂಖ್ಯೆಯೊಂದು ವಿದ್ಯುತ್ತು ಇಲ್ಲದಿದ್ದರೂ ಅಳಿಯದ ಮೆಮೊರಿ ಚಿಪ್‌ನಲ್ಲಿ ಅಚ್ಚಾಗಿರುತ್ತದೆ. ‘ಬೀಗ ತೆರೆದಿದೆ’ ಎಂಬ ನೆನಪನ್ನು ಮಾತ್ರ ಬ್ಯಾಟರಿಯಿಂದ ಸದಾ ಹರಿಯುವ ಒಂದು ಸಣ್ಣ ವಿದ್ಯುದ್ಧಾರೆ ಕಾಯ್ದುಕೊಂಡಿರುತ್ತದೆ. ಕಾರಿನ ಚಾವಿ ತೆಗೆದರೂ ಆ ಧಾರೆ ನಿಲ್ಲದು. ತಂತಿ ಕಡಿದೊಡನೆ ಆ ನೆನಪು ಆರಿಹೋಗುತ್ತದೆ. ತಂತಿಯನ್ನು ಕಡಿದವನು ಕಳ್ಳನೋ, ಬ್ಯಾಟರಿ ಬದಲಾಯಿಸಿದ ಮೆಕ್ಯಾನಿಕ್ಕನೋ ಎಂಬ ಭೇದವನ್ನು ಪಾಪ, ಪೆಟ್ಟಿಗೆ ಅರಿಯದು.

ಊಹೆಯಿಂದ ಸಂಖ್ಯೆಯನ್ನು ಹಿಡಿಯುತ್ತೇನೆಂದು ಹೊರಡುವ ಸಾಹಸಿಗಳು ಮೊದಲು ಲೆಕ್ಕ ಹಾಕುವುದು ಒಳ್ಳೆಯದು. ಎಷ್ಟು ಸಲ ತಪ್ಪಬಹುದು, ತಪ್ಪಿದರೆ ಎಷ್ಟು ಹೊತ್ತು ಕಾಯಬೇಕು ಎಂಬುದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬೇರೆ. ಮೂರು ಸಲ ತಪ್ಪಿದರೆ ಒಂದು ಗಂಟೆ ಕಾಯಿಸುವ ಪೆಟ್ಟಿಗೆಯೆಂದು ಇಟ್ಟುಕೊಳ್ಳೋಣ. ನಾಲ್ಕು ಅಂಕಿಗಳಿಂದ 10,000 ಸಂಖ್ಯೆಗಳಾಗುತ್ತವೆ. ಎಲ್ಲವನ್ನೂ ಪರೀಕ್ಷಿಸಲು ಸುಮಾರು 3,333 ಗಂಟೆ, ಅಂದರೆ ಹಗಲಿರುಳು ಕುಳಿತರೂ 139 ದಿನ ಬೇಕು. ಐದು ಅಂಕಿಗಳಾದರೆ ಸುಮಾರು ಮೂರು ವರ್ಷ ಹತ್ತು ತಿಂಗಳು! ಇಂಥ ಅನೇಕ ಪೆಟ್ಟಿಗೆಗಳಲ್ಲಿ ಶಿಕ್ಷೆಯ ಅವಧಿ ಕಳೆಯುವವರೆಗೆ ರೇಡಿಯೋವನ್ನು ಚಾಲೂ ಇಟ್ಟೇ ಇರಬೇಕು. ನಡುವೆ ಆರಿಸಿದರೆ ಎಣಿಕೆ ಮೊದಲಿನಿಂದ ಆರಂಭ. ಅಷ್ಟರಲ್ಲಿ ಹೊಸ ಬ್ಯಾಟರಿಯೂ ಬಳಲೀತು.

ಆದುದರಿಂದ ಊಹೆಗಿಂತ ಹುಡುಕಾಟವೇ ಲೇಸು. ಇಲ್ಲೊಂದು ವಿನೋದವಿದೆ. ಸಂಖ್ಯೆಯನ್ನು ಬರೆದ ಚೀಟಿಯನ್ನು ಕಾರಿನಲ್ಲಿ ಇಡಕೂಡದೆಂಬುದು ತಯಾರಕರ ಎಚ್ಚರಿಕೆ. ಆ ಮಾತನ್ನು ಶಿರಸಾವಹಿಸಿದವರು ಚೀಟಿಯನ್ನು ಮನೆಗೆ ಒಯ್ದು, ಬೀರುವಿನಲ್ಲಿ ಭದ್ರಪಡಿಸಿ, ಮರೆತರು. ಕಾರು ಮಾರಿದಾಗ ಚೀಟಿ ಬೀರುವಿನಲ್ಲೇ ಉಳಿಯಿತು. ಮಾತು ಮೀರಿದವರ ಕಾರಿನಲ್ಲಿ ಅದು ಇಂದಿಗೂ ಇದ್ದೀತು. ಹೀಗಾಗಿ ಮೊದಲು ಹುಡುಕಬೇಕಾದ್ದು ಇಡಬಾರದೆಂದು ಹೇಳಿದ ಜಾಗಗಳಲ್ಲಿಯೇ: ಕೈಪಿಡಿಯ ಚರ್ಮದ ಚೀಲ, ಸರ್ವಿಸ್ ಪುಸ್ತಕದ ಕೊನೆಯ ಪುಟ, ಮುಂದಿನ ಖಾನೆಯ ಒಳಮೈ, ಬೂದಿತಟ್ಟೆಯ ಬೆನ್ನು.

ಸಂಖ್ಯೆ ಸಿಕ್ಕಿತೆಂದು ಹಿಗ್ಗುವ ಮುನ್ನ ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು, ಸಂಖ್ಯೆ ಸೇರಿದ್ದು ಪೆಟ್ಟಿಗೆಗೆ, ಕಾರಿಗಲ್ಲ. ಹಿಂದಿನ ಒಡೆಯರು ಬೇರೆ ಪೆಟ್ಟಿಗೆ ಕೂರಿಸಿದ್ದರೆ ಹಳೆಯ ಚೀಟಿ ನಿಷ್ಪ್ರಯೋಜಕ. ಎರಡನೆಯದು, ಸಂಖ್ಯೆಯನ್ನು ಒತ್ತುವ ಕ್ರಮ. ಕೆಲವು ರೇಡಿಯೋಗಳಲ್ಲಿ ಅಂಕಿಗಳನ್ನು ನೇರವಾಗಿ ಒತ್ತಬೇಕು. ಕೆಲವದರಲ್ಲಿ ಮೊದಲ ಅಂಕಿಗೆ ಮೊದಲ ಗುಂಡಿ, ಎರಡನೆಯದಕ್ಕೆ ಎರಡನೆಯ ಗುಂಡಿ. ಬೇಕಾದ ಅಂಕಿ ಕಾಣುವವರೆಗೆ ಅದನ್ನೇ ಮತ್ತೆ ಮತ್ತೆ ಒತ್ತಬೇಕು. ಸರಿಯಾದ ಸಂಖ್ಯೆಯನ್ನೇ ತಪ್ಪು ಕ್ರಮದಲ್ಲಿ ಒತ್ತಿ ನಿರಾಶರಾದವರು ಉಂಟು.

ಚೀಟಿ ಎಲ್ಲಿಯೂ ಸಿಗದಿದ್ದರೆ ಉಳಿದ ದಾರಿ ಪೆಟ್ಟಿಗೆಯ ಕ್ರಮಸಂಖ್ಯೆ. ಹೋಂಡಾ ಸಂಸ್ಥೆ ಮತ್ತು 1986ರಲ್ಲಿ ಅದು ಅಮೆರಿಕದಲ್ಲಿ ಆರಂಭಿಸಿದ ಅಕ್ಯೂರಾ ಎಂಬ ದುಬಾರಿ ಕಾರುಗಳ ಹಲವು ಮಾದರಿಗಳಲ್ಲಿ 1 ಮತ್ತು 6ನೆಯ ಗುಂಡಿಗಳನ್ನು ಒಟ್ಟಿಗೆ ಒತ್ತಿಹಿಡಿದು ರೇಡಿಯೋ ಚಾಲೂ ಮಾಡಿದರೆ ಆ ಸಂಖ್ಯೆ ಪರದೆಯ ಮೇಲೆಯೇ ಮೂಡುತ್ತದೆ. ಮರ್ಸಿಡಿಸ್ ಕಾರುಗಳಲ್ಲಿ ಕಾಣಬರುವ ಬೆಕರ್ ರೇಡಿಯೋದಂಥವನ್ನು ಹೊರಗೆಳೆದೇ ನೋಡಬೇಕು. ಮುಖದ ಸೀಳುಗಳಲ್ಲಿ ಎರಡು ವಿಶೇಷ ಚಾವಿಗಳನ್ನು ತೂರಿಸಿದರೆ ಪೆಟ್ಟಿಗೆ ಸರಿದು ಬರುತ್ತದೆ. ಕ್ರಮಸಂಖ್ಯೆಯ ಚೀಟಿ ಅದರ ಲೋಹದ ಮೈಮೇಲಿರುತ್ತದೆ. ಸ್ಕ್ರೂ ತಿರುಗಿಸುವ ಆಯುಧದಿಂದ ಮೀಟಲು ಹೋದರೆ ಮುಖವೂ ಹಾಳು, ಮರದ ಹಲಗೆಯೂ ಹಾಳು.

ಕ್ರಮಸಂಖ್ಯೆ, ಕಾರಿನ ಚಾಸಿ ಸಂಖ್ಯೆ, ನೋಂದಣಿ ಪುಸ್ತಕ, ಒಡೆಯನ ಗುರುತುಪತ್ರ ಇಷ್ಟನ್ನು ಹಿಡಿದು ಅಧಿಕೃತ ಮಾರಾಟಗಾರರಲ್ಲಿಗೆ ಹೋಗುವುದು ರಾಜಮಾರ್ಗ. ಆದರೆ ತಡಮಾಡಿದಷ್ಟೂ ಈ ದಾರಿ ಕಿರಿದಾಗುತ್ತದೆ. ಬೆಕರ್ ಸಂಸ್ಥೆಯನ್ನೇ ನೋಡಿ: 1995ರಲ್ಲಿ ಅದು ಹಾರ್ಮನ್ ಕಂಪನಿಯ ಪಾಲಾಯಿತು, ಹಾರ್ಮನ್ 2017ರಲ್ಲಿ ಸ್ಯಾಮ್‌ಸಂಗ್‌ನ ಒಡೆತನಕ್ಕೆ ಹೋಯಿತು. ಒಡೆಯರು ಬದಲಾದಂತೆ ಹಳೆಯ ಕಡತಗಳನ್ನು ಅರಸುವುದು ಕಷ್ಟವಾದೀತು. ಅಲ್ಲಿಯೂ ಕೆಲಸ ಕೈಗೂಡದಿದ್ದರೆ, ಚಿಪ್‌ನಲ್ಲಿ ಅಚ್ಚಾದ ಸಂಖ್ಯೆಯನ್ನು ಯಂತ್ರದಿಂದ ಓದಬಲ್ಲ ನುರಿತ ರೇಡಿಯೋ ದುರಸ್ತಿಗಾರರಿದ್ದಾರೆ. ಅಂತರ್ಜಾಲದಲ್ಲಿ ಹಣ ಪಡೆದು ಸಂಖ್ಯೆ ಕೊಡುವವರೂ ಇದ್ದಾರೆ. ಅವರಲ್ಲಿ ಸಾಚಾ ಯಾರು, ಠಕ್ಕರು ಯಾರು ಎಂಬುದನ್ನು ಹಣ ತೆರುವ ಮೊದಲೇ ವಿಚಾರಿಸಬೇಕು.

ಈ ವಿಷಯ ನಮ್ಮ ನಾಡಿಗೂ ದೂರದ್ದಲ್ಲ. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಕಾರುಗಳ ತಯಾರಿಕೆ ಆರಂಭವಾಯಿತು. ಅಂದಿನ ಕಾರುಗಳಿಗೂ, ಹೊರದೇಶದಿಂದ ಬಂದ ಅವುಗಳ ಓರಗೆಯವಕ್ಕೂ ಈಗ ಮೂವತ್ತು ಮೀರಿದೆ. ಹಲವು ಎರಡನೆಯ, ಮೂರನೆಯ ಕೈಗೆ ಬಂದಿವೆ. ಕೆಲವು ತಂದೆಯಿಂದ ಮಗನಿಗೋ, ಪತಿಯಿಂದ ಪತ್ನಿಗೋ ಉಳಿದು ಬಂದಿವೆ. ಅಗಲಿದ ಯಜಮಾನರು ತಲೆಯಲ್ಲಿಯೇ ಇಟ್ಟುಕೊಂಡಿದ್ದ ನಾಲ್ಕು ಅಂಕಿಗಳು ಅವರೊಡನೆಯೇ ಹೊರಟುಹೋದಾಗ, ದಿನವೂ ಅವರ ಪಕ್ಕದಲ್ಲಿ ಕುಳಿತು ಅದೇ ರೇಡಿಯೋ ಕೇಳಿದ ಗೃಹಿಣಿಯನ್ನೂ ಪೆಟ್ಟಿಗೆ ಪರಕೀಯಳೆಂದೇ ಎಣಿಸುತ್ತದೆ. ಆಗ ಅವಳ ಪರವಾಗಿ ಸಾಕ್ಷಿ ನುಡಿಯುವುದು ಕಾಗದಪತ್ರವೊಂದೇ. ಮಾರಾಟಗಾರರು ದಾಖಲೆ ಕೇಳಿದರೆಂದು ಮುನಿಯುವುದು ತರವಲ್ಲ. ಕೇಳದೆ ಕೊಡುವವನು ಕಳ್ಳನಿಗೂ ಕೊಟ್ಟಾನು.

ಇಂದಿನ ಕಾರುಗಳಲ್ಲಿ ಹೆಚ್ಚಿನವು ರೇಡಿಯೋವನ್ನು ತಾವೇ ಗುರುತಿಸುತ್ತವೆ. ಗುಂಡಿ ಒತ್ತುವ ಗೋಜಿಲ್ಲ. ಹಳೆಯ ಕಾರುಳ್ಳವರು ಮಾತ್ರ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಬದಲು, ಬ್ಯಾಟರಿ ಬಿಚ್ಚುವ ಮೊದಲೇ ಸಂಖ್ಯೆಯನ್ನು ಪತ್ತೆಮಾಡಬೇಕು. ಅದು ಸಿಕ್ಕದಿದ್ದರೆ, ಬದಲಾಯಿಸುವಷ್ಟು ಹೊತ್ತು ನೆನಪಿನ ಧಾರೆ ಕಡಿಯದಂತೆ ಬೇರೊಂದು ಪುಟ್ಟ ಬ್ಯಾಟರಿಯ ಆಸರೆ ಕೊಡುವಂತೆ ಮೆಕ್ಯಾನಿಕ್ಕನಿಗೆ ಹೇಳಬೇಕು. ಸಂಖ್ಯೆ ದೊರೆತ ದಿನವೇ ಅದನ್ನು ಮನೆಯ ಪತ್ರಗಳೊಡನೆ ಬರೆದಿಟ್ಟು, ಎಲ್ಲಿದೆಯೆಂದು ಮನೆಯ ಇನ್ನೊಬ್ಬರಿಗೆ ತಿಳಿಸಬೇಕು. ಗುಟ್ಟು ಒಬ್ಬರಲ್ಲೇ ಉಳಿದರೆ ಅದು ಕಳ್ಳನನ್ನಷ್ಟೇ ಅಲ್ಲ, ಮನೆಯವರನ್ನೂ ಹೊರಗಿಡುತ್ತದೆ.